ಮೊದಲನೇ ಗುಂಡಿ

ಅಜ್ಜನ ಗಂಟಲಿನ ಆಪರೇಷನ್ ನಾಳೆ ಎನ್ನುವಾಗಲೂ ಗುರುಪಾದಪ್ಪನ ಮಗಳು ತನ್ನ ಅಂಗೈಯಗಲದ ಲಿನಕ್ಸ್ ಗೇಮ್ ಯಂತ್ರವನ್ನು ಕೆಳಗಿಡಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು. ಅವಳು ಮಲಗಿದ ಮೇಲೆ, ಗೇಮ್ ಅಳಿಸಲೆಂದು ಅದರ ಮೆಮೊರಿ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿದ. ‘ಓದಲಾಗುತ್ತಿಲ್ಲ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ?’ ಎಂದು ಲಿನಕ್ಸ್ ಅರಿಯದ ಆ ಕಂಪ್ಯೂಟರ್ ಕೇಳಿತು. ಹೂಂ ಎಂದು ಒತ್ತಿಬಿಟ್ಟ. ಆಮೇಲೆ ಅವಳ ಮುಖ ನೋಡಲಾಗಲಿಲ್ಲ.

ಆಪರೇಷನ್ ಆದ ಮೂರನೇ ದಿನ ವಾರ್ಡಿನಲ್ಲಿ ಅಜ್ಜ ಕೈ ಚಾಚಿ ಆ ಯಂತ್ರ ಕೇಳಿದ. ಮಗಳು ಗುಂಡಿ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಅವಳ ಕಣ್ಣು ತುಂಬಿದವು.

“ನಾನ ಅಳಿಸೀನವ್ವಾ,” ಎಂದ ಗುರುಪಾದಪ್ಪ. “ಹೊಸಾ ಗೇಮ್ ಹಾಕಿಸಿಕೊಡ್ತೀನಿ, ಅಳಬ್ಯಾಡ.”

“ಗೇಮ್ ಅಲ್ಲಪ್ಪಾ. ಆಪರೇಷನ್ ಆದಮ್ಯಾಲ ಮಾತು ಬರೂದಿಲ್ಲಂತ ಅಜ್ಜ ತನ್ನ ದನಿ ಇದರಾಗ ತುಂಬಿಸಿಟ್ಟಿದ್ದ. ಮೊದಲನೇ ಗುಂಡಿ ಒತ್ತಿದ್ರ ನಿನ್ನ ಹೆಸರು ಹಿಡದು ಕರೀತಿದ್ದ.”