ಹಗುರಾಗುತ್ತಿದ್ದ ಸೈಕಲ್

ಟೈರಿಗೆ ಧೂಳೇ ಹತ್ತಿರಲಿಲ್ಲ.

ಶಿವಲೀಲಾ ಮತ್ತೊಮ್ಮೆ ಬೆರಳಾಡಿಸಿ ನೋಡಿದಳು. ಹುಲಿಗಿ ಕಡೆಯ ಮಣ್ಣಿನ ಹಾದಿಯಲ್ಲಿ ಹೋಗಿಬಂದೆ ಎಂದು ಗಂಡ ಗುರುಬಸವ ಈಗಷ್ಟೇ ಹೇಳಿ ಸ್ನಾನಕ್ಕೆ ಹೋಗಿದ್ದ. ಟೈರಿನ ಹಲ್ಲುಗಳಲ್ಲಿ ಹೊಸ ರಬ್ಬರಿನ ಕಪ್ಪು ಹಾಗೇ ಇತ್ತು. ಅವನು ಸುಳ್ಳು ಹೇಳುವ ಗಂಡಸಲ್ಲ. ಅದಕ್ಕೇ ಅವಳಿಗೆ ದಿಗಿಲಾಯಿತು.

ಕೊಪ್ಪಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಗುರುಬಸವ ಈ ಸೈಕಲ್ ತಂದು ಎರಡು ವರ್ಷವಾಗಿತ್ತು. ಕಾರ್ಬನ್ ಚೌಕಟ್ಟು, ಮುಂದಿನ ಗಾಲಿಗೆ ಮಾತ್ರ ಕುಲುಕು ತಡೆಯುವ ಶಾಕ್. ಗುಡ್ಡ ಹತ್ತಲೆಂದೇ ಮಾಡಿದ್ದು. ಭಾನುವಾರ ಗೆಳೆಯರ ಜೊತೆ ಹನುಮನಹಳ್ಳಿಯ ಬಂಡೆಗಳ ನಡುವೆ ತುಳಿದು ಬಂದನೆಂದರೆ ವಾರವಿಡೀ ಅದೇ ಮಾತು. ಭಾಗ್ಯನಗರದಲ್ಲಿ ಅವರ ಮನೆ ಇದ್ದದ್ದು ಮೊದಲ ಮಹಡಿಯಲ್ಲಿ. ಕೆಳಗೆ ಬಿಟ್ಟರೆ ಯಾರಾದರೂ ಹೊತ್ತೊಯ್ದಾರು ಎಂದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡೇ ಮೆಟ್ಟಿಲು ಇಳಿಯುತ್ತಿದ್ದ, ಹತ್ತುತ್ತಿದ್ದ. ಬಾಗಿಲಲ್ಲಿ ನಿಂತು ಅದನ್ನು ನೋಡುವುದು ಶಿವಲೀಲಾಳ ಬೆಳಗಿನ ಸುಖ. ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು.

ಈ ವರ್ಷ ಅವನಿಗೆ ತೂಕದ ಹುಚ್ಚು ಹಿಡಿಯಿತು. ಮೊದಲು ಟೈರಿನೊಳಗಿನ ಟ್ಯೂಬು ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿದ. ಆಮೇಲೆ ರಿಮ್ಮುಗಳು ಕಾರ್ಬನ್ನಿನವಾದವು. ಹ್ಯಾಂಡಲು, ಸೀಟು, ಪೆಡಲು, ಹಿಡಿಕೆ. ತಿಂಗಳಿಗೊಂದು ಪಾರ್ಸೆಲ್ಲು ಬರುತ್ತಿತ್ತು. ಹೊಸದು ಕೂಡಿಸಿದಾಗಲೆಲ್ಲ ಸೈಕಲ್ಲನ್ನು ತೂಕದ ಕೊಕ್ಕೆಗೆ ನೇತುಹಾಕಿ ನೋಡುತ್ತಿದ್ದ. ಬರಬರುತ್ತ ಹುಚ್ಚು ಮನೆಯೊಳಕ್ಕೂ ಬಂತು. ಹಿತ್ತಾಳೆ ಚಂಬು ಮೂಲೆ ಸೇರಿ ಪ್ಲಾಸ್ಟಿಕ್ ಲೋಟ ಬಂತು. ಗುಂಡಿಯ ಅಂಗಿ ಬಿಟ್ಟು, ಸೈಕಲ್ ತುಳಿಯುವವರು ತೊಡುವ ಗುಂಡಿಯಿಲ್ಲದ ಅಂಗಿಗಳನ್ನೇ ಹಾಕತೊಡಗಿದ. ಮೈಯೂ ಇಳಿಯಿತು. “ಗುರುಬಸವ ಮತ್ತ ಹುಡುಗ ಆಗ್ಯಾನ ನೋಡ್ರಿ” ಎಂದು ಓಣಿಯವರು ಹೊಗಳಿದರು.

“ಇನ್ನೂ ಎಷ್ಟು ಹಗುರ ಆಗಬೇಕ್ರಿ ಅದು?” ಎಂದು ಶಿವಲೀಲಾ ಒಮ್ಮೆ ಕೇಳಿದ್ದಳು.

“ನನಗ ತಕ್ಕಷ್ಟು.”

“ಎಲ್ಲರೆ ರೇಸ್ ಐತೇನು?”

“ಐತಿ. ಗೆಲ್ಲೂ ಅಂಥಾದ್ದಲ್ಲ. ಎಷ್ಟು ದಿನ ಹಿಂದ ಬೀಳದಂಗ ಇರ್ತೀನಿ, ಅಷ್ಟ.”

ಹೋದ ತಿಂಗಳು ಮುಂದಿನ ಶಾಕೇ ಹೋಗಿ, ಅದರ ಜಾಗಕ್ಕೆ ಗಾಲಿ ಹಿಡಿಯುವ ಬರೀ ಎರಡು ಕಾರ್ಬನ್ ಕಾಲು ಬಂದವು. “ಬಂಡಿಗಲ್ಲಿನ ಮ್ಯಾಲ ಕೈ ಮುರಕೋತೀರಿ” ಎಂದಳು. ಅವನು ನಕ್ಕು, ಸೈಕಲ್ಲನ್ನು ತೂಕದ ಕೊಕ್ಕೆಗೆ ಹಾಕಿದ.

ಈಗ ಟೈರು ಬಿಟ್ಟು ತಲೆಯೆತ್ತಿದವಳ ಕಣ್ಣು ಹ್ಯಾಂಡಲಿನ ಮೇಲೆ ನಿಂತಿತು. ಬ್ರೇಕ್ ಇರಲಿಲ್ಲ. ಬಗ್ಗಿ ನೋಡಿದಳು. ಹಿಂದಿನ ಗಾಲಿಗೂ ಇಲ್ಲ.

ಬ್ರೇಕಿಲ್ಲದ ಸೈಕಲ್ ಮೇಲೆ ಯಾರು ಗುಡ್ಡ ಇಳಿಯುತ್ತಾರೆ?

ಆಗ ಒಂದೊಂದೇ ನೆನಪಾಯಿತು. ಇತ್ತೀಚೆಗೆ ಅವನು ಅಂಗಡಿಯ ವ್ಯವಹಾರವನ್ನು ಪಟ್ಟುಹಿಡಿದು ಅವಳಿಗೆ ಕಲಿಸುತ್ತಿದ್ದ. ಯಾವ ಬೀಜ ಯಾರ ಹತ್ತಿರ ತರಿಸಬೇಕು, ಯಾವ ರೈತನ ಮಾತು ನಂಬಬಹುದು. “ನೀವ ಇರ್ತೀರಲ್ಲ, ನನಗ್ಯಾಕ?” ಎಂದರೆ, “ಕಲತಿರು” ಎನ್ನುತ್ತಿದ್ದ. ಗೆಳೆಯರು ಭಾನುವಾರ ಕರೆಯಲು ಬರುವುದನ್ನೂ ಬಿಟ್ಟಿದ್ದರು. ತಾನಿಲ್ಲದ ದಿನಕ್ಕೆ ಸಿದ್ಧ ಮಾಡುತ್ತಿದ್ದಾನೆಯೇ? ಆದರೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾನೆ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಸೈಕಲ್ಲನ್ನು ಹೆಗಲಿಗೇರಿಸಿದ. ಮೆಟ್ಟಿಲ ನಡುವೆ ಇಳಿಸಿ ಚೈನ್ ನೋಡಿದ. ಮತ್ತೆ ನಾಲ್ಕು ಮೆಟ್ಟಿಲು ಇಳಿದು, ನಿಂತು, ಟೈರು ಒತ್ತಿದ. ಕೆಳಗೆ ಹೋಗಿ ಅವಳತ್ತ ನೋಡಿ ನಕ್ಕ. ಓಣಿ ಇಕ್ಕಟ್ಟು, ತಿರುವಿನ ತನಕ ತಳ್ಳಿಕೊಂಡು ಹೋಗುವುದು ರೂಢಿ. ಅವನು ಮರೆಯಾಗುತ್ತಲೇ ಶಿವಲೀಲಾ ಸೆರಗು ಸಿಕ್ಕಿಸಿ ಹಿಂದೆ ಹೊರಟಳು.

ತಿರುವು ದಾಟಿದ ಮೇಲೂ ಅವನು ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ರೈಲ್ವೆ ಗೇಟಿನ ಕಡೆ ತಿರುಗಿದ. ಹಳಿಯ ಕಡೆಗೆ ಯಾಕೆ? ಅವಳು ಹೆಸರು ಹಿಡಿದು ಕೂಗಬೇಕೆನ್ನುವಷ್ಟರಲ್ಲಿ ಅವನು ಹಳಿ ದಾಟಿ, ಆಚೆಗಿನ ಶಾಮೀದಸಾಬನ ಸೈಕಲ್ ಅಂಗಡಿಯೊಳಗೆ ಹೋದ.

ಅವಳು ಓಡಿದಳು. ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ ಒಳಗೆ ನುಗ್ಗಿದಳು.

“ಶಾಮೀದಣ್ಣ, ಬ್ರೇಕ್ ಯಾಕ ತಗದ್ರಿ? ಇವರನ್ನ ಎಲ್ಲಿಗೆ ಕಳಸಾಕ ಹೊಂಟೀರಿ?”

ನಟ್ಟು ಬಿಚ್ಚುವ ಪಾನಾ ಹಿಡಿದಿದ್ದ ಶಾಮೀದಸಾಬ ಎದ್ದು ನಿಂತ. ಗುರುಬಸವನ ಮುಖ ನೋಡಿದ.

“ಅಕ್ಕಾರ, ತಗಿ ಅಂದವರು ಅವರ ರೀ. ನಾ ಬ್ಯಾಡ ಅಂದೆ.” ಅವನು ದನಿ ತಗ್ಗಿಸಿದ. “ಹತ್ತೂದಿದ್ರ ನಾ ತಗೀತಿದ್ದಿಲ್ಲರಿ. ಅವರು ಸೈಕಲ್ ಹತ್ತೂದು ಬಿಟ್ಟು ಭಾಳ ತಿಂಗಳಾತ್ರಿ. ದಿನಾ ಇಲ್ಲಿ ಬಂದು ಕುಂತು, ಹೊತ್ತಾದ ಮ್ಯಾಲ ಮನಿಗೆ ಹೋಗ್ತಾರ.”

ಶಿವಲೀಲಾ ಗಂಡನ ಕಡೆ ತಿರುಗಿದಳು. ಅವನು ಬಾಕಿನ ಮೇಲಿಂದ ಏಳಲಿಲ್ಲ.

“ಮತ್ತ ಈ ಸಾಮಾನೆಲ್ಲ ಯಾಕ್ರಿ? ಹತ್ತದ ಸೈಕಲ್ಲಿನ ತೂಕ ಯಾಕ ಇಳಸಾಕತ್ತಿದ್ರಿ?”

ಗುರುಬಸವ ಎರಡೂ ಕೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟ.

“ತಿಂಗಳಾ ತಿಂಗಳಾ ನನ್ನ ಕೈಯಾಗಿನ ಬಲ ಹೋಗಾಕತ್ತೈತಿ ಲೀಲಾ, ಇದಕ್ಕ ಔಷಧ ಇಲ್ಲ ಅಂದಾರ ಹುಬ್ಬಳ್ಳಿ ಡಾಕ್ಟರು, ನೀ ಬಾಗಲದಾಗ ನಿಂತು ನೋಡೂವಾಗ ಎತ್ತಾಕ ಬರಲಿ ಅಂತ, ನನ್ನ ಕೈ ಸೋತಂಗೆಲ್ಲ ಅದನ್ನ ಹಗುರ ಮಾಡಕೋಂತ ಬಂದೆ.”