ಅಕ್ಕಿಯ ಮೇಲಿನ ಹೆಸರು

ಸತ್ತವರನ್ನು ಎಬ್ಬಿಸಿದವರು ಹನ್ನೆರಡನೇ ದಿನ ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆದು, ಎದ್ದವರ ಕಿವಿಯಲ್ಲಿ ಮೂರು ಸಲ ಉಸುರುವುದು ಆ ಊರಿನ ವಾಡಿಕೆ. ಆಮೇಲೆ ಎದ್ದವರು ಮಾಡಿದ್ದಕ್ಕೆಲ್ಲ ಹೆಸರಿಟ್ಟವರೇ ಹೊಣೆ.

ಡಾಕ್ಟರ್ ಮಂದಾಕಿನಿ ತಾನು ಮೊದಲು ಎಬ್ಬಿಸಿದವನಿಗೆ ಹೆಸರಿಡಲೇ ಇಲ್ಲ. ಇಂಥ ಸೊಟ್ಟ ಬಾಯಿಯವನನ್ನು ತೋರಿಸಿದರೆ ಎಬ್ಬಿಸಿದ್ದಕ್ಕೆ ಪ್ರಶಸ್ತಿ ಯಾರು ಕೊಡುತ್ತಾರೆ? ಅವನನ್ನು ಹಿತ್ತಲ ಕೋಣೆಗೆ ದೂಡಿ ಮೂರು ವರ್ಷವಾಗಿತ್ತು. ಅವಳು ಗಂಜಿ ಇಡಲು ಹೋದಾಗಲೆಲ್ಲ ಅವನು ಕಿಟಕಿಯ ಸರಳಿಗೆ ಕಿವಿಯೊಡ್ಡಿ ನಿಂತಿರುತ್ತಿದ್ದ.

ಇಂದು ಎರಡನೆಯವನ ನಾಮಕರಣ. ಇವನು ಚೆಲುವ, ಪ್ರಶಸ್ತಿ ಸಮಿತಿಯವರೂ ಬರುವವರಿದ್ದರು. ಆ ಗಡಿಬಿಡಿಯಲ್ಲಿ ಮಂದಾಕಿನಿ ಹಿತ್ತಲ ಚಿಲಕ ಹಾಕುವುದನ್ನು ಮರೆತಿದ್ದಳು. ತಟ್ಟೆ ತರಲು ದೇವರ ಕೋಣೆಗೆ ಬಂದರೆ ಮೊದಲನೆಯವನು ಅದರ ಮುಂದೆ ಕೂತಿದ್ದ. ಅಕ್ಕಿಯಲ್ಲಿ ಸೊಟ್ಟ ಅಕ್ಷರಗಳು: ಮಂದಾಕಿನಿ.

"ನೀವು ಇಡ್ಲಿಲ್ಲ ಅಂತ ನಾನೇ ಇಟ್ಕೊಂಡೆ, ಅಮ್ಮ. ಕಿಟಕೀಲಿ ನಂಗೆ ಕೇಳಿಸ್ತಿದ್ದದ್ದು ಇದೊಂದೇ ಹೆಸರು."

"ಅಳಿಸೋ ಅದನ್ನ!"

"ಮೂರು ಸಲ ಹೇಳ್ಕೊಂಡಾಯ್ತು."

ಆಗಲೇ ಅವಳು ಅವನ ಕೈ ನೋಡಿದ್ದು. ಬೆರಳಿಗಂಟಿದ ಅಕ್ಕಿ ರಕ್ತದಿಂದ ಕೆಂಪಗಿತ್ತು. ಎರಡನೆಯವನ ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಬಾಗಿಲಲ್ಲಿ ಅತಿಥಿಗಳು ಕೂಗಿದರು, "ಮಂದಾಕಿನೀ!"

"ಬಂದೆ," ಎಂದು ಅವನು ಅವಳದೇ ದನಿಯಲ್ಲಿ ಓಗೊಟ್ಟು ಎದ್ದ.