ಎಡಗಡೆಯ ಹೆಜ್ಜೆ ಸಪ್ಪಳ

ಐದಕ್ಕೆ ಗೇಮಿಂಗ್ ಸ್ಪರ್ಧೆಯ ಫೈನಲ್. ಮೂರಕ್ಕೆ ಶಿವಲೀಲಾ ರಾಚಪ್ಪನ ಕಂಪ್ಯೂಟರ್ ಅಂಗಡಿಗೆ ಓಡಿ ಬಂದಳು.

“ಕಾಕಾ, ಈ ಸೌಂಡ್ ಕಾರ್ಡೂ ಸರಿ ಇಲ್ರೀ. ಆಟದಾಗ ಎಡಕ ಬರೋ ವೈರಿ ಹೆಜ್ಜಿ ಸಪ್ಪಳನ ಕೇಳಸಂಗಿಲ್ಲ. ಬ್ಯಾರೇದು ಕೊಡ್ರಿ.”

“ಎರಡು ಸಲ ಬದಲಿ ಮಾಡಿ ಕೊಟ್ಟೇನಲ್ಲವಾ!”

“ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತ ಸೋತ್ರ ತಂಡದಿಂದ ನನ್ನ ತಗೀತಾರ.”

ರಾಚಪ್ಪ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಅದೇ ಆಟ ತೆರೆದು, ಅವಳ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಎರಡೂ ಕಡೆ ಸಪ್ಪಳ ಸ್ಪಷ್ಟವಾಗಿತ್ತು. ಹೆಡ್‌ಫೋನನ್ನು ಎಡಬಲ ಅದಲುಬದಲು ಮಾಡಿ ಅವಳ ತಲೆಗೆ ಹಾಕಿದ.

“ಈಗ?”

“ಎಡಕಿನ ಹೆಜ್ಜಿ ಕೇಳಸಾಕತ್ತೈತಿ ಕಾಕಾ!” ಅವಳ ಮುಖ ಅರಳಿ, ಮರುಕ್ಷಣವೇ ಬಾಡಿತು. “ಆದ್ರ ಬಲಕಿಂದು ಹೋತಲ್ರೀ.”

ರಾಚಪ್ಪ ಹೆಡ್‌ಫೋನನ್ನು ಮೆಲ್ಲಗೆ ತೆಗೆದ.

“ಕಾರ್ಡ್ ಬ್ಯಾಡವಾ. ಕಿವಿ ಡಾಕ್ಟರ್ ಕಡೆ ಹೋಗೂಣು, ನಡಿ.”